ರಬ್ಬಿಗಳ ಪತ್ರಗಳನ್ನು ಓದುವುದು ಹೇಗೆ? ಕೊಚ್ಚಿಯ ಒಂದು ಪ್ರಶ್ನೆಯ ಜೊತೆ ಒಂದೊಂದೇ ಹೆಜ್ಜೆ

16ನೇ ಶತಮಾನದಲ್ಲಿ ಕೊಚ್ಚಿಯಿಂದ ಒಂದು ಪ್ರಶ್ನೆ ಹಡಗು ಹತ್ತಿ ಕೈರೋಗೆ ಹೋಯಿತು. ಕಳಿಸಿದವರು ಕೊಚ್ಚಿಯ ಯಹೂದಿಗಳು. ಅದರಲ್ಲಿದ್ದ ವಿಷಯ ಇಷ್ಟು. ನಮ್ಮಲ್ಲಿ ಸುಮಾರು 900 ಮನೆಗಳಿವೆ. ಅವರಲ್ಲಿ 100 ಮನೆಯವರು ತಾವು ಮೂಲ ವಂಶದವರು ಅನ್ನುತ್ತಾರೆ. ಉಳಿದವರು ದುಡ್ಡಿರುವವರು, ಧರ್ಮ ಬಿಡದವರು, ಕೈಯೆತ್ತಿ ದಾನ ಕೊಡುವವರು. ಆದರೂ ಆ ನೂರು ಮನೆಯವರು ಇವರ ಜೊತೆ ಹೆಣ್ಣು ಕೊಟ್ಟು ತರುವುದಿಲ್ಲ. ಇವರನ್ನು ಗುಲಾಮರು ಅಂತ ಕರೆಯುತ್ತಾರೆ. ಇದರಿಂದ ಜಗಳ ಮುಗಿಯುತ್ತಲೇ ಇಲ್ಲ. ಏನು ಮಾಡಬೇಕು, ಹೇಳಿ.

ಓದಿದರೆ ನಮ್ಮ ಯಾವುದೋ ಊರಿನ ಜಗಲಿಯ ಮೇಲೆ ನಡೆದ ಮಾತಿನಂತೆ ಕೇಳಿಸುತ್ತದೆ, ಅಲ್ವಾ?

ಇಂಥ ಪತ್ರಗಳಿಗೆ ಹೀಬ್ರೂ ಭಾಷೆಯಲ್ಲಿ ‘ಶೆಎಲೋತ್ ಉತೆಶುವೋತ್’ ಅನ್ನುತ್ತಾರೆ. ‘ಪ್ರಶ್ನೆಗಳು ಮತ್ತು ಉತ್ತರಗಳು’ ಅಂತ ಅರ್ಥ. ಚಿಕ್ಕದಾಗಿ ‘ಶೂತ್’. ಇಂದಿನ ಇರಾಕ್‌ನಲ್ಲಿದ್ದ ಸೂರಾ ಮತ್ತು ಪುಂಬೆದಿತಾ ಎಂಬ ವಿದ್ಯಾಪೀಠಗಳ ಮುಖ್ಯಸ್ಥರು ದೂರದ ಊರುಗಳ ಪ್ರಶ್ನೆಗಳಿಗೆ ಉತ್ತರ ಬರೆಯುತ್ತಿದ್ದರು. ಆ ಕಾಲದಿಂದ ಇವತ್ತಿನವರೆಗೆ, ಸಾವಿರಕ್ಕೂ ಹೆಚ್ಚು ವರ್ಷ, ಈ ಬರವಣಿಗೆ ನಿಂತಿಲ್ಲ. ಊರಿನ ರಬ್ಬಿಗೆ ಗೊತ್ತಾಗದ್ದನ್ನು ಅವರು ದೊಡ್ಡ ರಬ್ಬಿಗೆ ಬರೆಯುತ್ತಾರೆ. ಆ ದೊಡ್ಡ ರಬ್ಬಿಗೂ ಅನುಮಾನ ಬಂದರೆ ಇನ್ನೊಬ್ಬರಿಗೆ ಬರೆಯುತ್ತಾರೆ. ರಬ್ಬಿ ಅಂದರೆ ಪೂಜಾರಿ ಅಂತ ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಅವರು ಹೆಚ್ಚಾಗಿ ಮೇಷ್ಟ್ರು, ಜೊತೆಗೆ ಧರ್ಮದ ಕಾನೂನು ಬಲ್ಲ ನ್ಯಾಯಾಧೀಶರು.

ಈ ಪತ್ರಗಳನ್ನು ಮೊದಲ ಸಲ ತೆರೆದಾಗ ನನಗೆ ತಲೆ ಬುಡ ಗೊತ್ತಾಗಿರಲಿಲ್ಲ. ಉತ್ತರದ ಮಧ್ಯದಲ್ಲಿ ಎಲ್ಲೋ ಶುರು ಮಾಡಿದ್ದೆ. ಈಗ ಒಂದು ಕ್ರಮ ಮಾಡಿಕೊಂಡಿದ್ದೇನೆ. ಇತಿಹಾಸ ಓದುವವರಿಗೆ, ಧರ್ಮಗಳನ್ನು ಹೋಲಿಸಿ ಓದುವ ವಿದ್ಯಾರ್ಥಿಗಳಿಗೆ, ಸುಮ್ನೆ ಕುತೂಹಲ ಇರುವವರಿಗೂ ಇದು ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ಕೊಚ್ಚಿಯ ಪತ್ರವನ್ನು ಉದ್ದಕ್ಕೂ ಜೊತೆಗಿಟ್ಟುಕೊಳ್ಳೋಣ.

ಮೊದಲ ಹೆಜ್ಜೆ: ಪತ್ರ ಹುಡುಕಿ

ಹೀಬ್ರೂ ಬರದಿದ್ದರೂ ಶುರು ಮಾಡಬಹುದು. ಸೆಫಾರಿಯಾ ಎಂಬ ಜಾಲತಾಣದಲ್ಲಿ ಯಹೂದಿ ಗ್ರಂಥಗಳು ಉಚಿತವಾಗಿ ಸಿಗುತ್ತವೆ. ಕೆಲವಕ್ಕೆ ಇಂಗ್ಲಿಷ್ ಅನುವಾದವೂ ಇದೆ. ಹಳೆಯ ಮುದ್ರಿತ ಪುಸ್ತಕಗಳ ಪುಟಗಳನ್ನೇ ನೋಡಬೇಕು ಅನ್ನುವವರಿಗೆ ಹೀಬ್ರೂಬುಕ್ಸ್ ಇದೆ. ಇಸ್ರೇಲಿನ ಬಾರ್ ಇಲಾನ್ ವಿಶ್ವವಿದ್ಯಾಲಯದ್ದು ದೊಡ್ಡ ಕಂಪ್ಯೂಟರ್ ಸಂಗ್ರಹ. ಅದರ ಕೆಲಸ ಶುರುವಾಗಿದ್ದು 1963ರಲ್ಲಿ. ಕೈರೋದ ಹಳೆಯ ಪತ್ರಗಳು ಬೇಕಾದರೆ ಪ್ರಿನ್ಸ್‌ಟನ್ ಗೆನಿಜಾ ಪ್ರಾಜೆಕ್ಟ್ ನೋಡಿ.

ಗೆನಿಜಾ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ದೇವರ ಹೆಸರು ಬರೆದ ಕಾಗದವನ್ನು ಯಹೂದಿಗಳು ಕಸಕ್ಕೆ ಎಸೆಯುವುದಿಲ್ಲ. ಒಂದು ಕಡೆ ತುಂಬಿಡುತ್ತಾರೆ. ಹಳೆಯ ಕೈರೋದ, ಅಂದರೆ ಫುಸ್ತಾತ್‌ನ, ಬೆನ್ ಎಜ್ರಾ ಸಿನಗಾಗ್‌ನ (ಯಹೂದಿಗಳ ಪ್ರಾರ್ಥನಾ ಮಂದಿರದ) ಕೋಣೆಯಲ್ಲಿ ನೂರಾರು ವರ್ಷ ಹೀಗೆ ಕಾಗದ ಸೇರುತ್ತಾ ಹೋಯಿತು. 1896ರ ಕೊನೆಗೆ ಕೇಂಬ್ರಿಜ್‌ನ ವಿದ್ವಾಂಸ ಸಾಲೊಮನ್ ಶೆಕ್ಟರ್ ಅಲ್ಲಿಗೆ ಹೋಗಿ ಅದರ ದೊಡ್ಡ ಪಾಲನ್ನು ಕೇಂಬ್ರಿಜ್‌ಗೆ ತಂದರು. ಅಲ್ಲಿ ಈಗ ಸುಮಾರು 1,93,000 ತುಣುಕುಗಳಿವೆ. ರಬ್ಬಿಗಳ ಪತ್ರ, ವ್ಯಾಪಾರಿಗಳ ಪತ್ರ, ಮದುವೆ ಒಪ್ಪಂದ, ಸಾಲದ ಚೀಟಿ, ಎಲ್ಲವೂ ಒಂದರ ಮೇಲೊಂದು.

ಯಂತ್ರದ ಅನುವಾದವನ್ನು ಇಲ್ಲಿ ಜಾಸ್ತಿ ನಂಬಬೇಡಿ. ಪತ್ರಗಳಲ್ಲಿ ಹೀಬ್ರೂ ಮತ್ತು ಅರಮೇಯಿಕ್ ಕಲಸಿಕೊಂಡಿರುತ್ತವೆ. 12ನೇ ಶತಮಾನದ ದೊಡ್ಡ ರಬ್ಬಿ ಮೈಮೊನಿಡೀಸ್ ಹಲವು ಉತ್ತರಗಳನ್ನು ಅರಬ್ಬಿ ಭಾಷೆಯಲ್ಲೇ ಬರೆದರು, ಲಿಪಿ ಮಾತ್ರ ಹೀಬ್ರೂ. ಯಂತ್ರ ಅಲ್ಲಿ ತಪ್ಪುತ್ತದೆ.

ಎರಡನೇ ಹೆಜ್ಜೆ: ಪ್ರಶ್ನೆಯನ್ನು ಎರಡು ಸಲ ಓದಿ

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಹೆಜ್ಜೆ ಇದೇ. ಉತ್ತರ ಹತ್ತು ಪುಟ ಇದ್ದರೂ ಪ್ರಶ್ನೆ ಹತ್ತು ಸಾಲು ಇರಬಹುದು. ಆ ಹತ್ತು ಸಾಲಿನಲ್ಲಿ ಒಂದು ಮನೆ ಇರುತ್ತದೆ. ಹಡಗು ಮುಳುಗಿ ಗಂಡ ಕಾಣೆಯಾದ ಹೆಂಗಸು, ಅಡುಗೆಮನೆಯಲ್ಲಿ ಹಾಲಿನ ಪಾತ್ರೆಗೆ ಬಿದ್ದ ಮಾಂಸದ ತುಂಡು, ತೆರಿಗೆ ಹಂಚಿಕೆಯಲ್ಲಿ ಮೋಸ ಆಯಿತು ಅನ್ನುವ ಬಡವ. ಕಾನೂನನ್ನು ರಬ್ಬಿ ಹೇಳುತ್ತಾರೆ. ಜನರ ಬದುಕು ಇರುವುದು ಮಾತ್ರ ಪ್ರಶ್ನೆಯಲ್ಲಿ.

ಮೊದಲ ಓದಿನಲ್ಲಿ ವಿಷಯ ತಿಳಿದುಕೊಳ್ಳಿ. ಎರಡನೇ ಓದಿನಲ್ಲಿ ಕೇಳಿದವರು ಯಾರ ಕಡೆ ಅಂತ ನೋಡಿ. ಕೊಚ್ಚಿಯ ಪ್ರಶ್ನೆಯನ್ನೇ ಮತ್ತೆ ನೋಡಿ. ‘ಉಳಿದವರ’ ಬಗ್ಗೆ ಬರೆಯುವಾಗ ಅವರ ದುಡ್ಡು, ಭಕ್ತಿ, ದಾನ ಎಲ್ಲವನ್ನೂ ಎಣಿಸಲಾಗಿದೆ. ನೂರು ಮನೆಯವರ ಬಗ್ಗೆ ಅಂಥ ಹೊಗಳಿಕೆ ಇಲ್ಲ. ಅಂದರೆ ಬರೆದವರ ಮನಸ್ಸು ಎತ್ತ ವಾಲಿದೆ ಅಂತ ಗೊತ್ತಾಗುತ್ತದೆ. ನೂರು ಮನೆಯವರೇ ಕೂತು ಬರೆದಿದ್ದರೆ ಪ್ರಶ್ನೆ ಬೇರೆ ಥರ ಇರುತ್ತಿತ್ತು. ರಬ್ಬಿ ಉತ್ತರ ಕೊಡುವುದು ತಮ್ಮ ಮುಂದೆ ಬಂದ ಕಾಗದಕ್ಕೆ. ಅವರು ಕೊಚ್ಚಿ ನೋಡಿದವರಲ್ಲ.

ಮೂರನೇ ಹೆಜ್ಜೆ: ಹೆಸರುಗಳಿಗೆ ಮೋಸ ಹೋಗಬೇಡಿ

ಪ್ರಶ್ನೆಯಲ್ಲಿ ‘ರೆಉವೇನ್ ಶಿಮೋನ್‌ಗೆ ಸಾಲ ಕೊಟ್ಟ’ ಅಂತ ಇದ್ದರೆ ಅಂಥ ಹೆಸರಿನ ವ್ಯಕ್ತಿಗಳು ಇದ್ದರು ಅಂತ ಬರೆದುಕೊಳ್ಳಬೇಡಿ. ಶಾಲೆಯ ಲೆಕ್ಕದಲ್ಲಿ ರಾಮ, ಸೋಮ ಬರುತ್ತಾರಲ್ಲ, ಹಾಗೆ. ಬೈಬಲ್‌ನಲ್ಲಿ ಬರುವ ಯಾಕೋಬನ ಮಕ್ಕಳ ಹೆಸರುಗಳನ್ನು ಸಾಲಾಗಿ ಬಳಸುತ್ತಾರೆ: ರೆಉವೇನ್, ಶಿಮೋನ್, ಲೇವಿ. ಹೆಂಗಸರಾದರೆ ರಾಹೇಲ್, ಲೇಯಾ, ದೀನಾ. ಕೇಳಿದವರ ಮಾನ ಉಳಿಯಲಿ ಅಂತ ಈ ಪದ್ಧತಿ.

ರಬ್ಬಿಗಳ ಹೆಸರಿನಲ್ಲಿ ಇನ್ನೊಂದು ಸಂಗತಿ ಇದೆ. ಕುವೆಂಪು ಅನ್ನುವುದು ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬುದರ ಮೊದಲ ಅಕ್ಷರಗಳಿಂದ ಆದ ಹೆಸರು. ರಬ್ಬಿಗಳೂ ಹಾಗೆಯೇ. ರಬ್ಬಿ ಮೋಶೆ ಬೆನ್ ಮೈಮೋನ್ ಎಂಬುದು ‘ರಂಬಂ’ ಆಯಿತು. ಹೊರಗಿನವರು ಅವರನ್ನೇ ಮೈಮೊನಿಡೀಸ್ ಅನ್ನುತ್ತಾರೆ. ಕೊಚ್ಚಿಯ ಪ್ರಶ್ನೆಗೆ ಉತ್ತರ ಬರೆದ ರಬ್ಬಿ ದಾವಿದ್ ಬೆನ್ ಜಿಮ್ರಾ ‘ರದ್ಬಾಜ್’ ಆದರು. 1492ರಲ್ಲಿ ಸ್ಪೇನ್ ತನ್ನ ಯಹೂದಿಗಳನ್ನೆಲ್ಲ ಹೊರಹಾಕಿದಾಗ ಅವರು ಹುಡುಗ. ತಂದೆ ತಾಯಿ ಜೊತೆ ಊರು ಬಿಟ್ಟವರು ಕೊನೆಗೆ ಈಜಿಪ್ಟ್‌ನ ಯಹೂದಿಗಳ ಮುಖ್ಯಸ್ಥರಾದರು. ಮನೆ ಕಳೆದುಕೊಂಡ ಹುಡುಗನೊಬ್ಬ ದೊಡ್ಡವನಾಗಿ, ‘ಇವರು ನಮ್ಮವರಾ, ಅಲ್ಲವಾ’ ಅನ್ನುವ ಪ್ರಶ್ನೆಗೆ ಉತ್ತರ ಬರೆಯುತ್ತಿದ್ದಾನೆ. ಉತ್ತರ ಬರೆದವರ ಬದುಕನ್ನು ಇಷ್ಟಾದರೂ ತಿಳಿದುಕೊಂಡು ಮುಂದೆ ಹೋಗಿ.

ನಾಲ್ಕನೇ ಹೆಜ್ಜೆ: ಎಲ್ಲಿಂದ ಎಲ್ಲಿಗೆ, ಹೇಗೆ ಹೋಯಿತು

ಒಂದು ಭೂಪಟ ತೆರೆದಿಡಿ. ಕೊಚ್ಚಿಯಿಂದ ಏಡನ್, ಅಲ್ಲಿಂದ ಕೆಂಪು ಸಮುದ್ರ, ಆಮೇಲೆ ಕೈರೋ. ಹಡಗು ಮಳೆಗಾಲದ ಗಾಳಿಯ ಮಾತು ಕೇಳಬೇಕು. ಹೋಗುವುದಕ್ಕೊಂದು ಕಾಲ, ಬರುವುದಕ್ಕೊಂದು ಕಾಲ. ಉತ್ತರ ಕೈಗೆ ಬರುವಷ್ಟರಲ್ಲಿ ವರ್ಷವೇ ಕಳೆಯಬಹುದಿತ್ತು. ಪ್ರಶ್ನೆ ಕೇಳಿದವರು ಅಷ್ಟು ದಿನ ಕಾಯಲು ತಯಾರಿದ್ದರು ಅಂದರೆ ನೋವು ಎಷ್ಟು ಆಳದ್ದು ಅಂತ ಲೆಕ್ಕ ಹಾಕಿ.

ಪತ್ರ ಒಯ್ಯುತ್ತಿದ್ದವರು ವ್ಯಾಪಾರಿಗಳು, ಯಾತ್ರಿಕರು, ಪರಿಚಯದವರು. ದಾರಿಯಲ್ಲಿ ಯಾರಾದರೂ ಬಿಚ್ಚಿ ಓದಿದರೆ? ಸುಮಾರು 1000ನೇ ಇಸವಿಯಲ್ಲಿ ಜರ್ಮನಿಯ ಮೈನ್ಸ್‌ನಲ್ಲಿದ್ದ ರಬ್ಬೇನು ಗೆರ್ಶೋಮ್ ಅವರ ಹೆಸರಿನಲ್ಲಿ ಒಂದು ಕಟ್ಟಳೆ ಬಂದಿದೆ: ಇನ್ನೊಬ್ಬರ ಪತ್ರವನ್ನು ಅವರ ಒಪ್ಪಿಗೆ ಇಲ್ಲದೆ ಓದಬಾರದು, ಓದಿದರೆ ಬಹಿಷ್ಕಾರ. ಹಳೆಯ ಪತ್ರಗಳ ಹೊರಮೈಯಲ್ಲಿ ಈ ಕಟ್ಟಳೆಯನ್ನು ನೆನಪಿಸುವ ಕೆಲವು ಅಕ್ಷರಗಳು ಇರುತ್ತವೆ. ಬೇಲಿ ಮುರಿದವನನ್ನು ಹಾವು ಕಚ್ಚುತ್ತದೆ ಎಂಬ ಬೈಬಲ್ ಮಾತಿನ ಮೊದಲ ಅಕ್ಷರಗಳು ಅವು. ಅಂಥ ಗುರುತು ಕಂಡರೆ ಇದೇನೋ ಗುಪ್ತಲಿಪಿ ಅಂತ ಗಾಬರಿ ಆಗಬೇಡಿ.

ಬರೆದ ಜಾಗವನ್ನೂ ನೋಡಿ. ರೋಥೆನ್‌ಬರ್ಗ್‌ನ ರಬ್ಬಿ ಮೇಯಿರ್ ಅವರನ್ನು 1286ರಲ್ಲಿ ದೊರೆ ರುಡಾಲ್ಫ್ ಕಡೆಯವರು ಸೆರೆ ಹಿಡಿದರು. ಬಿಡಿಸಲು ದೊಡ್ಡ ಮೊತ್ತ ಕೇಳಿದರು. ಒಮ್ಮೆ ಕೊಟ್ಟರೆ ಮುಂದೆ ಎಲ್ಲ ರಬ್ಬಿಗಳನ್ನೂ ಹೀಗೇ ಹಿಡಿಯುತ್ತಾರೆ ಅಂತ ಅವರು ಹಣ ಕೊಡಲು ಬಿಡಲಿಲ್ಲ ಅನ್ನುತ್ತದೆ ಪರಂಪರೆ. 1293ರಲ್ಲಿ ಸೆರೆಯಲ್ಲೇ ತೀರಿಕೊಂಡರು. ಹೆಣ ಮಣ್ಣಿಗೆ ಸಿಕ್ಕಿದ್ದು 14 ವರ್ಷದ ನಂತರ, 1307ರಲ್ಲಿ. ಸೆರೆಯಿಂದಲೂ ಅವರು ಜನರ ಪ್ರಶ್ನೆಗಳಿಗೆ ಉತ್ತರ ಬರೆಯುತ್ತಿದ್ದರು. ಕೈಗೆ ಪುಸ್ತಕ ಸಿಗದ ಕಡೆ ಕೂತು ಬರೆದ ಉತ್ತರವನ್ನು ಓದುವ ರೀತಿಯೇ ಬೇರೆ.

ಐದನೇ ಹೆಜ್ಜೆ: ದಿನಾಂಕ ಬಿಡಿಸಿ

ಕಟಪಯಾದಿ ಗೊತ್ತಿದ್ದವರಿಗೆ ಇದು ಸುಲಭ. ಹೀಬ್ರೂನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇದೆ. ಅಕ್ಷರಗಳನ್ನು ಕೂಡಿದರೆ ವರ್ಷ. ಹೆಚ್ಚಿನ ಪತ್ರಗಳಲ್ಲಿ ಸಾವಿರದ ಸ್ಥಾನ ಬಿಟ್ಟಿರುತ್ತಾರೆ. ಬಂದ ಸಂಖ್ಯೆಗೆ 1240 ಕೂಡಿಸಿ. ಉದಾಹರಣೆಗೆ 325 ಅಂತ ಇದ್ದರೆ 1565. ಯಹೂದಿ ಹೊಸ ವರ್ಷ ಸೆಪ್ಟೆಂಬರ್ ಅಥವಾ ಅಕ್ಟೋಬರ್‌ನಲ್ಲಿ ಬರುತ್ತದೆ. ಹಾಗಾಗಿ ತಿಂಗಳು ತಿಶ್ರೇ, ಹೆಶ್ವಾನ್ ಅಥವಾ ಕಿಸ್ಲೇವ್ ಆಗಿದ್ದರೆ ಒಂದು ವರ್ಷ ಕಳೆಯಿರಿ. 1240ಕ್ಕಿಂತ ಹಳೆಯ ಪತ್ರವಾದರೆ 240 ಕೂಡಿಸಬೇಕು. ಗೆನಿಜಾದ ಕಾಗದಗಳಲ್ಲಿ ಗ್ರೀಕರ ಕಾಲದ ಇನ್ನೊಂದು ಶಕೆ ಬಳಕೆಯಲ್ಲಿತ್ತು. ಅದರಲ್ಲಿ 311 ಅಥವಾ 312 ಕಳೆದರೆ ನಮ್ಮ ಇಸವಿ ಸಿಗುತ್ತದೆ.

ಕೆಲವೊಮ್ಮೆ ತಾರೀಖೇ ಇರುವುದಿಲ್ಲ. ‘ನೋಹನ ವಾರದ ಬುಧವಾರ’ ಅಂತಷ್ಟೇ ಇರುತ್ತದೆ. ಸಿನಗಾಗ್‌ನಲ್ಲಿ ಪ್ರತಿ ವಾರ ತೋರಾದ, ಅಂದರೆ ಬೈಬಲ್‌ನ ಮೊದಲ ಐದು ಪುಸ್ತಕಗಳ, ಒಂದು ಭಾಗ ಓದುತ್ತಾರೆ. ಆ ಭಾಗದ ಹೆಸರೇ ವಾರದ ಹೆಸರು. ನೋಹನ ಭಾಗ ಹೊಸ ವರ್ಷದ ಸಾಲಿನಲ್ಲಿ ಎರಡನೆಯದು.

ಆರನೇ ಹೆಜ್ಜೆ: ವಂದನೆಯ ಸಾಲುಗಳನ್ನು ದಾಟಿ

ನಮ್ಮ ಅಜ್ಜಂದಿರ ಪತ್ರ ನೆನಪಿಸಿಕೊಳ್ಳಿ. ‘ಮ॥ರಾ॥ರಾ॥ಶ್ರೀ’, ‘ತೀರ್ಥರೂಪು ಸಮಾನರಾದ’, ಆಮೇಲೆ ‘ಉಭಯ ಕುಶಲೋಪರಿ’. ಅದೆಲ್ಲ ಆದ ಮೇಲೆ ವಿಷಯ. ರಬ್ಬಿಗಳ ಪತ್ರವೂ ಹಾಗೆ. ಬೆಳಕಿನ ಗೋಪುರ, ಜ್ಞಾನದ ಬಾವಿ ಅಂತ ಪ್ರಾಸ ಕಟ್ಟಿ ಹೊಗಳುತ್ತಾರೆ. ಸಹಿ ಹಾಕುವಾಗ ತಮ್ಮನ್ನು ‘ಚಿಕ್ಕವನು’ ಅಂತ ಕರೆದುಕೊಳ್ಳುತ್ತಾರೆ.

ಇದರಲ್ಲಿ ಕೆಲಸಕ್ಕೆ ಬರುವುದು ಒಂದೇ. ಹೆಸರಿನ ಪಕ್ಕದ ಚಿಕ್ಕ ಗುರುತು. ನಮ್ಮಲ್ಲಿ ‘ಲಿಂ॥’ ಅಥವಾ ‘ಕೈ॥’ ಅಂತ ಕಂಡರೆ ಆ ವ್ಯಕ್ತಿ ಈಗಿಲ್ಲ ಅಂತ ತಿಳಿಯುತ್ತದೆ. ಹೀಬ್ರೂನಲ್ಲಿ ‘ಜಲ್’ ಎಂಬ ಎರಡಕ್ಷರ ಇದ್ದರೆ ಅದೇ ಅರ್ಥ. ‘ಶ್ಲಿತಾ’ ಅಂತ ಇದ್ದರೆ ಬದುಕಿದ್ದಾರೆ, ಅವರಿಗೆ ಆಯಸ್ಸು ಕೋರಿದ್ದಾರೆ. ದಿನಾಂಕ ಇಲ್ಲದ ಪತ್ರದ ಕಾಲ ಅಂದಾಜು ಮಾಡಲು ಇಷ್ಟೇ ಸಾಕಾಗುವುದುಂಟು.

ಏಳನೇ ಹೆಜ್ಜೆ: ಯಾವ ಕಪಾಟಿಗೆ ಸೇರಿದ್ದು

14ನೇ ಶತಮಾನದಿಂದ ಯಹೂದಿ ಧರ್ಮದ ಕಾನೂನನ್ನು ನಾಲ್ಕು ಭಾಗ ಮಾಡುವ ರೂಢಿ ಬಂತು. ಯೋಸೆಫ್ ಕಾರೋ ಅವರ ಶುಲ್ಹಾನ್ ಆರೂಖ್ ಎಂಬ ಕಾನೂನು ಪುಸ್ತಕ 1565ರಲ್ಲಿ ವೆನಿಸ್‌ನಲ್ಲಿ ಮುದ್ರಣವಾದ ಮೇಲೆ ಅದು ಗಟ್ಟಿಯಾಯಿತು. ಪತ್ರಗಳ ಸಂಪುಟಗಳೂ ಇದೇ ಕ್ರಮದಲ್ಲಿ ಬರತೊಡಗಿದವು. ‘ಓರಹ್ ಹಾಯಿಂ’ ಅಂದರೆ ದಿನದ ಪ್ರಾರ್ಥನೆ, ಶಬ್ಬಾತ್ (ವಾರದ ವಿಶ್ರಾಂತಿ ದಿನ), ಹಬ್ಬಗಳು. ‘ಯೋರೆ ದೇಆ’ ಅಂದರೆ ಊಟದ ನಿಯಮ, ಬಡ್ಡಿ, ದಾನ, ಸೂತಕ, ಮತಕ್ಕೆ ಬರುವವರು. ‘ಎವೆನ್ ಹಾಎಜೆರ್’ ಮದುವೆ ಮತ್ತು ವಿಚ್ಛೇದನ. ‘ಹೋಶೆನ್ ಮಿಶ್ಪಾತ್’ ಹಣಕಾಸು ಮತ್ತು ನ್ಯಾಯಾಲಯ.

ಕೊಚ್ಚಿಯ ಪ್ರಶ್ನೆ ಎಲ್ಲಿ ಬರುತ್ತದೆ? ಮೇಲ್ನೋಟಕ್ಕೆ ಮದುವೆಯ ಭಾಗಕ್ಕೆ. ಆದರೆ ಅದರ ಗಂಟು ಇರುವುದು ದಾಸ್ಯದ ನಿಯಮದಲ್ಲಿ. ಅದನ್ನು ಬಿಡಿಸಲು ನಾವು ಮಂಗಳೂರಿಗೆ ಬರಬೇಕು.

1132ರ ಅಕ್ಟೋಬರ್‌ನಲ್ಲಿ ಮಂಗಳೂರಿನಲ್ಲಿ ಒಂದು ಕಾಗದ ಬರೆದರು. ಬರೆಸಿದವರು ಅಬ್ರಹಾಂ ಬೆನ್ ಯಿಜು. ಟ್ಯುನಿಶಿಯಾದ ಮಹ್ದಿಯಾದಿಂದ ಬಂದ ಯಹೂದಿ ವ್ಯಾಪಾರಿ. ಹತ್ತಾರು ವರ್ಷ ಮಲಬಾರ್ ಮತ್ತು ತುಳುನಾಡಿನ ಕಡಲ ತೀರದಲ್ಲಿ ಇದ್ದವರು, 1149ರಲ್ಲಿ ವಾಪಸ್ ಹೋದರು. ಕಂಚಿನ ಕೆಲಸದ ಕಾರ್ಖಾನೆ ನಡೆಸುತ್ತಿದ್ದರು. ಅವರ ಪರವಾಗಿ ಏಡನ್‌ಗೆ ಹೋಗಿ ಬರುತ್ತಿದ್ದ ಕೆಲಸಗಾರನ ಹೆಸರನ್ನು ವಿದ್ವಾಂಸರು ‘ಬೊಮ್ಮ’ ಅಂತ ಓದಿದ್ದಾರೆ. ಆ ಕಾಗದ ಒಂದು ಬಿಡುಗಡೆ ಪತ್ರ. ಅಶು ಎಂಬ ಸ್ಥಳೀಯ ದಾಸಿಯನ್ನು ಅವರು ಅದರಲ್ಲಿ ಸ್ವತಂತ್ರಳನ್ನಾಗಿ ಮಾಡಿದರು. ಆಮೇಲೆ ಅವಳೇ ಅವರ ಮಕ್ಕಳ ತಾಯಿ ಅಂತ ವಿದ್ವಾಂಸರು ನಂಬುತ್ತಾರೆ.

ಆ ಕಾಗದ ಯಾಕೆ ಬೇಕಿತ್ತು? ಯಹೂದಿ ಧರ್ಮದ ಕಾನೂನಿನಲ್ಲಿ ಮಕ್ಕಳ ಸ್ಥಾನ ತಾಯಿಯಿಂದ ಬರುತ್ತದೆ. ತಾಯಿ ದಾಸಿಯಾಗಿಯೇ ಉಳಿದರೆ ಮಕ್ಕಳೂ ದಾಸರೇ. ತಾಯಿಯ ಕೈಯಲ್ಲಿ ಬಿಡುಗಡೆ ಪತ್ರ ಇದ್ದು, ವಿಧಿಯ ಪ್ರಕಾರ ನೀರಿನಲ್ಲಿ ಮುಳುಗಿ ಎದ್ದಿದ್ದರೆ ಮಕ್ಕಳು ಪೂರ್ತಿ ಯಹೂದಿಗಳು. ಬೆನ್ ಯಿಜು ಅವರ ಮಗಳ ಮದುವೆ ಮುಂದೆ ಈಜಿಪ್ಟ್‌ನಲ್ಲಿ ಅವರ ಸೋದರನ ಮಗನ ಜೊತೆಯೇ ನಡೆಯಿತು.

ಈಗ ಕೊಚ್ಚಿಗೆ ವಾಪಸ್ ಬನ್ನಿ. ಅಲ್ಲಿನ ‘ಉಳಿದವರಲ್ಲಿ’ ಹಲವರು ಹೊರಗಿನಿಂದ ಬಂದ ವ್ಯಾಪಾರಿಗಳಿಗೂ ಇಲ್ಲಿನ ದಾಸಿಯರಿಗೂ ಹುಟ್ಟಿದ ಮಕ್ಕಳ ಸಂತತಿ. ಅವರ ಅಜ್ಜಿಯರಿಗೆ ಬಿಡುಗಡೆ ಪತ್ರ ಸಿಕ್ಕಿತ್ತಾ? ಸಿಕ್ಕಿದ್ದರೂ ಯಾರ ಪೆಟ್ಟಿಗೆಯಲ್ಲಿದೆ? ಮಲಬಾರಿನ ಮಳೆಗೆ ಕಾಗದ ಎಷ್ಟು ವರ್ಷ ಉಳಿದೀತು? ಮಂಗಳೂರಿನ ಆ ಒಂದು ಕಾಗದ ಉಳಿದದ್ದು ಅದು ಈಜಿಪ್ಟ್‌ನ ಒಣ ಹವೆಗೆ ಹೋಗಿ ಸೇರಿದ್ದರಿಂದ. ಈ ಎರಡು ದಾಖಲೆಗಳನ್ನು ಪಕ್ಕಪಕ್ಕ ಇಟ್ಟು ಓದಿದ ದಿನ ನನಗೆ ಕೊಚ್ಚಿಯ ಜಗಳ ನಿಜವಾಗಿ ಅರ್ಥವಾಯಿತು.

ಎಂಟನೇ ಹೆಜ್ಜೆ: ಉತ್ತರದ ಮೆಟ್ಟಿಲು ಹತ್ತಿ

ಈಗ ಉತ್ತರಕ್ಕೆ ಕೈ ಹಾಕಿ. ಸಾಮಾನ್ಯವಾಗಿ ಅದು ಮೆಟ್ಟಿಲು ಮೆಟ್ಟಿಲಾಗಿ ಇರುತ್ತದೆ. ಮೊದಲು ತಾಲ್ಮುಡ್, ಅಂದರೆ ಹಳೆಯ ಕಾಲದ ರಬ್ಬಿಗಳ ಕಾನೂನು ಚರ್ಚೆಗಳ ದೊಡ್ಡ ಗ್ರಂಥ. ಆಮೇಲೆ ‘ರಿಶೋನಿಂ’, ಅಂದರೆ ಸುಮಾರು 1500ರ ಒಳಗಿನ ಹಿರಿಯರು. ಆಮೇಲೆ ‘ಅಹರೋನಿಂ’, ನಂತರದವರು. ಕೊನೆಗೆ ಊರಿನ ರೂಢಿ. ಅದಕ್ಕೆ ‘ಮಿನ್ಹಾಗ್’ ಅನ್ನುತ್ತಾರೆ.

ತಾಲ್ಮುಡ್‌ನ ಉಲ್ಲೇಖ ಹುಡುಕುವುದು ಕಷ್ಟವಲ್ಲ. 1520ರ ದಶಕದಲ್ಲಿ ವೆನಿಸ್‌ನಲ್ಲಿ ಡೇನಿಯಲ್ ಬೊಂಬರ್ಗ್ ಮುದ್ರಿಸಿದ ಪ್ರತಿಯ ಹಾಳೆ ಸಂಖ್ಯೆಯನ್ನೇ ಇವತ್ತಿಗೂ ಎಲ್ಲರೂ ಬಳಸುತ್ತಾರೆ. ಕಿದ್ದೂಶಿನ್ ಅನ್ನುವುದು ತಾಲ್ಮುಡ್‌ನ ಒಂದು ಭಾಗ. ‘ಕಿದ್ದೂಶಿನ್ 28, ಮೊದಲ ಮುಖ’ ಅಂತ ಇದ್ದರೆ ಯಾವ ದೇಶದ ಪ್ರತಿ ತೆಗೆದರೂ ಅದೇ ಜಾಗ. ಇನ್ನೊಬ್ಬನನ್ನು ‘ಗುಲಾಮ’ ಅಂತ ಕರೆದವನಿಗೆ ಬಹಿಷ್ಕಾರ ಹಾಕಬೇಕು ಎಂಬ ಮಾತು ಇರುವುದು ಅಲ್ಲೇ. ಕೊಚ್ಚಿಯ ಪ್ರಶ್ನೆ ಓದಿದ ಯಾವ ರಬ್ಬಿಗಾದರೂ ಮೊದಲು ನೆನಪಾಗುವ ಸಾಲುಗಳಲ್ಲಿ ಅದೊಂದು.

ಉಲ್ಲೇಖಗಳನ್ನೆಲ್ಲ ಬೆನ್ನಟ್ಟಿ ಹೋಗಬೇಡಿ. ಕೆಲವು ಪದಗಳ ಮೇಲೆ ಕಣ್ಣಿಡಿ. ‘ಹೆಫ್ಸೇದ್ ಮೆರುಬ್ಬೆ’ ಅಂದರೆ ದೊಡ್ಡ ನಷ್ಟ. ‘ಶಅತ್ ಹದ್‌ಹಾಕ್’ ಅಂದರೆ ಇಕ್ಕಟ್ಟಿನ ಗಳಿಗೆ. ‘ಅಗುನಾ’ ಅಂದರೆ ಗಂಡ ಕಾಣೆಯಾಗಿ, ಸತ್ತಿದ್ದಾನೋ ಇಲ್ಲವೋ ಗೊತ್ತಾಗದೆ, ಇನ್ನೊಂದು ಮದುವೆ ಆಗಲಾರದೆ ಕಟ್ಟಿಹಾಕಿದಂತಾದ ಹೆಂಗಸು. ಈ ಪದಗಳು ಬಂದ ಕಡೆ ರಬ್ಬಿ ಪುಸ್ತಕದಿಂದ ತಲೆ ಎತ್ತಿ ಎದುರಿನ ಮನುಷ್ಯರನ್ನು ನೋಡುತ್ತಿದ್ದಾರೆ ಅಂತ ತಿಳಿಯಿರಿ.

ಇದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಪೋಲೆಂಡಿನ ಕ್ರಾಕೌ ಊರಿನದ್ದು. ಅಲ್ಲಿನ ರಬ್ಬಿ ಮೋಶೆ ಇಸ್ಸೆರ್ಲೆಸ್ ಅವರನ್ನು ‘ರೆಮಾ’ ಅನ್ನುತ್ತಾರೆ. 16ನೇ ಶತಮಾನದವರು. ತಂದೆ ಇಲ್ಲದ ಬಡ ಹುಡುಗಿಯೊಬ್ಬಳ ಮದುವೆ ಶುಕ್ರವಾರ ಇತ್ತು. ಶುಕ್ರವಾರ ಸಂಜೆ ಸೂರ್ಯ ಮುಳುಗಿದರೆ ಶಬ್ಬಾತ್ ಶುರು. ಆಗ ಮದುವೆ ಮಾಡುವಂತಿಲ್ಲ. ಒಪ್ಪಿಕೊಂಡ ವರದಕ್ಷಿಣೆಯಲ್ಲಿ ಸುಮಾರು ಮೂರನೇ ಒಂದು ಭಾಗ ಕಮ್ಮಿ ಬಿತ್ತು. ಹುಡುಗ ಒಲ್ಲೆ ಅಂದ. ಊರ ಹಿರಿಯರು ಕೂತು ಮಾತಾಡಿ ಒಪ್ಪಿಸುವಷ್ಟರಲ್ಲಿ ಕತ್ತಲಾಗಿ ತುಂಬಾ ಹೊತ್ತಾಗಿತ್ತು. ಮದುವೆ ಮುಂದೆ ಹಾಕಿದರೆ ಹುಡುಗಿಗೆ ಜೀವನಪೂರ್ತಿ ಅವಮಾನ. ರೆಮಾ ಎದ್ದು ಹೋಗಿ ಶಬ್ಬಾತ್ ರಾತ್ರಿಯಲ್ಲೇ ಮದುವೆ ಮಾಡಿಸಿದರು. ಊರಲ್ಲಿ ಗುಸುಗುಸು ಎದ್ದಿತು. ತಾನು ಯಾಕೆ ಹಾಗೆ ಮಾಡಿದೆ ಅಂತ ಅವರು ಆಧಾರ ಸಮೇತ ಬರೆದಿಟ್ಟರು. ಅವರ ಸಂಗ್ರಹದಲ್ಲಿ ಅದು 125ನೆಯದು. ಕಾನೂನಿನ ಎಳೆಗಳು ಅದರಲ್ಲಿ ತುಂಬಾ ಇವೆ. ಆದರೆ ಚಪ್ಪರದ ಕೆಳಗೆ ಅಳುತ್ತಾ ನಿಂತ ಆ ಹುಡುಗಿಯನ್ನು ಮರೆತು ಓದಿದರೆ ಒಂದು ಎಳೆಯೂ ಕೈಗೆ ಸಿಗುವುದಿಲ್ಲ.

ಒಂಬತ್ತನೇ ಹೆಜ್ಜೆ: ತೀರ್ಪಿನ ಸಾಲನ್ನು ನಿಧಾನವಾಗಿ ಓದಿ

ಕೊನೆಯ ಸಾಲುಗಳಲ್ಲಿ ಪ್ರತಿ ಪದಕ್ಕೂ ತೂಕ ಇದೆ. ‘ನನ್ನ ಬಡ ಅಭಿಪ್ರಾಯಕ್ಕೆ ತೋರುವಂತೆ’ ಅನ್ನುವುದು ವಿನಯದ ಮಾತು, ತೀರ್ಪು ಗಟ್ಟಿಯಾಗಿಯೇ ಇರುತ್ತದೆ. ‘ತ್ಸಾರಿಖ್ ಇಯ್ಯುನ್’ ಅಂದರೆ ಇನ್ನೂ ಯೋಚಿಸಬೇಕು. ಅಲ್ಲಿ ರಬ್ಬಿಗೆ ನಿಜವಾಗಿಯೂ ದಾರಿ ಸಿಕ್ಕಿಲ್ಲ. ‘ಕಾನೂನಿನ ಮಟ್ಟಿಗೆ ಸರಿ, ಆಚರಣೆಗೆ ಅಲ್ಲ’ ಅಂತ ಬರೆದಿದ್ದರೆ ವಾದ ಒಪ್ಪಿದ್ದಾರೆ, ಅನುಮತಿ ಕೊಟ್ಟಿಲ್ಲ. ಗಂಡ ಕಾಣೆಯಾದ ಹೆಂಗಸರ ವಿಷಯದಲ್ಲಿ ‘ಇನ್ನಿಬ್ಬರು ರಬ್ಬಿಗಳು ಒಪ್ಪಿದರೆ ಮಾತ್ರ’ ಎಂಬ ಷರತ್ತು ಆಗಾಗ ಕಾಣುತ್ತದೆ. ತಪ್ಪಿದರೆ ಒಬ್ಬಳ ಬದುಕು ಹಾಳಾಗುತ್ತದೆ ಅನ್ನುವ ಭಯ ಅದು.

ರದ್ಬಾಜ್ ಅವರ ತೀರ್ಪಿನ ತಿರುಳು ಹೀಗಿದೆ. ಬಿಡುಗಡೆ ಸರಿಯಾಗಿ ಆಗಿದೆಯೋ ಇಲ್ಲವೋ ಅನ್ನುವ ಅನುಮಾನ ಇದ್ದರೆ ವಿಧಿಯ ಪ್ರಕಾರ ಮುಳುಗು ಸ್ನಾನ ಮಾಡಿಸಿ. ಅಲ್ಲಿಗೆ ಅನುಮಾನ ಮುಗಿಯಿತು. ಆಮೇಲೆ ಮದುವೆ ಸಂಬಂಧಕ್ಕೆ ಅಡ್ಡಿಯಿಲ್ಲ. ಅವರ ಶಿಷ್ಯ ಯಾಕೋವ್ ಕಾಸ್ತ್ರೋ ಅವರಿಗೂ ಕೊಚ್ಚಿಯ ಇದೇ ಪ್ರಶ್ನೆ ಹೋಯಿತು. ಅವರ ಉತ್ತರವೂ ಅದೇ ದಾರಿಯದು.

ಹತ್ತನೇ ಹೆಜ್ಜೆ: ಎದುರು ಪತ್ರ ಹುಡುಕಿ

ಒಂದೇ ಪತ್ರ ಓದಿ ‘ಯಹೂದಿಗಳು ಹೀಗೆ’ ಅಂತ ಬರೆಯಬೇಡಿ, ದಯವಿಟ್ಟು. ಪ್ರತಿ ಉತ್ತರಕ್ಕೂ ಎಲ್ಲೋ ಒಂದು ಎದುರುತ್ತರ ಇರುತ್ತದೆ.

ಲುಬ್ಲಿನ್‌ನ ರಬ್ಬಿ ಶ್ಲೋಮೋ ಲೂರಿಯಾ, ಕ್ರಾಕೌನ ರೆಮಾ ಅವರ ಬಂಧು. ನೀನು ಅರಿಸ್ಟಾಟಲ್‌ನನ್ನು ಯಾಕೆ ಉಲ್ಲೇಖಿಸುತ್ತೀಯ ಅಂತ ಪತ್ರದಲ್ಲೇ ಖಾರವಾಗಿ ಗದರಿದರು. ರೆಮಾ ಗೌರವ ಬಿಡದೆ ಉತ್ತರಿಸಿದರು. ಜನ ಶಬ್ಬಾತ್ ಮತ್ತು ಹಬ್ಬದ ದಿನ ತಿರುಗಾಡಲು ಹೋಗುವ ಹೊತ್ತಿನಲ್ಲಿ ಮಾತ್ರ ನಾನು ಅಂಥ ಪುಸ್ತಕ ಓದುತ್ತೇನೆ ಅಂದರು. ಪ್ರೀತಿಯೂ ಜಗಳವೂ ಒಂದೇ ಹಾಳೆಯಲ್ಲಿ ಇರುವ ಪತ್ರಗಳು ಅವು.

ಇಡೀ ಸಮುದಾಯ ಒಡೆದ ಜಗಳಗಳೂ ಇವೆ. 1818ರಲ್ಲಿ ಹ್ಯಾಂಬರ್ಗ್‌ನಲ್ಲಿ ಹೊಸ ಬಗೆಯ ಪ್ರಾರ್ಥನಾ ಮಂದಿರ ತೆರೆಯಿತು. ಆರ್ಗನ್ ವಾದ್ಯ, ಜರ್ಮನ್ ಭಾಷೆಯ ಪ್ರಾರ್ಥನೆ, ಬದಲಾದ ಪಾಠ. ಊರಿನ ರಬ್ಬಿಗಳು ಯೂರೋಪಿನ ಉದ್ದಗಲಕ್ಕೆ ಪತ್ರ ಬರೆದು ಅಭಿಪ್ರಾಯ ಕೇಳಿದರು. 1819ರಲ್ಲಿ 40 ರಬ್ಬಿಗಳ ಸಹಿ ಇದ್ದ 22 ಪತ್ರಗಳು ವಿರೋಧವಾಗಿ ಪುಸ್ತಕವಾದವು. ಹೊಸದನ್ನು ಬೆಂಬಲಿಸಿ ಬರೆದ ರಬ್ಬಿಗಳ ಪತ್ರಗಳು ಅದರ ಹಿಂದಿನ ವರ್ಷವೇ ದೆಸ್ಸೌನಲ್ಲಿ ಅಚ್ಚಾಗಿದ್ದವು. ಎರಡನ್ನೂ ಓದಬೇಕು.

ದೂರದವರ ಬಗ್ಗೆ ರಬ್ಬಿ ಹೇಳಿದ್ದನ್ನು ಕೇಳಿದ ಮಾತು ಅಂತ ಗುರುತು ಹಾಕಿಕೊಳ್ಳಿ. ಮೈಮೊನಿಡೀಸ್ ಫ್ರಾನ್ಸಿನ ಲೂನೆಲ್ ಊರಿನ ವಿದ್ವಾಂಸರಿಗೆ ಬರೆದ ಪತ್ರದಲ್ಲಿ ಭಾರತದ ಯಹೂದಿಗಳ ಮಾತು ಬರುತ್ತದೆ. ಅವರಿಗೆ ಬರೆದ ತೋರಾ ಗೊತ್ತಿಲ್ಲ, ಶಬ್ಬಾತ್ ಮತ್ತು ಸುನ್ನತಿ ಬಿಟ್ಟರೆ ಧರ್ಮದ ಬೇರೇನೂ ತಿಳಿದಿಲ್ಲ ಅನ್ನುತ್ತಾರೆ. ಅವರು ಭಾರತಕ್ಕೆ ಬಂದವರಲ್ಲ. ಬರಬೇಕಿದ್ದವರು ಅವರ ತಮ್ಮ ದಾವಿದ್. ವ್ಯಾಪಾರಕ್ಕೆ ಹೊರಟ ದಾವಿದ್ ಹಿಂದೂ ಮಹಾಸಾಗರದಲ್ಲಿ ಮುಳುಗಿ ತೀರಿಕೊಂಡರು. ಆ ಸುದ್ದಿ ಕೇಳಿ ತಾನು ವರ್ಷದಷ್ಟು ಕಾಲ ಹಾಸಿಗೆ ಹಿಡಿದೆ ಅಂತ ಮೈಮೊನಿಡೀಸ್ ಆಕ್ಕೋದ ರಬ್ಬಿಯೊಬ್ಬರಿಗೆ ಬರೆದಿದ್ದಾರೆ. ಅಷ್ಟು ದೊಡ್ಡ ಪಂಡಿತರ ಕೈಯಿಂದ ಬಂದ ಆ ಕೆಲವು ಸಾಲುಗಳನ್ನು ಓದಿ ನನಗೆ ಕಣ್ಣು ತುಂಬಿತು.

ಹನ್ನೊಂದನೇ ಹೆಜ್ಜೆ: ಪತ್ರ ತಲುಪಿದ ಮೇಲೆ ಏನಾಯಿತು

ತೀರ್ಪು ಬಂತು ಅಂದರೆ ನಡೆಯಿತು ಅಂತಲ್ಲ. ಕೈರೋದ ಉತ್ತರ ಕೊಚ್ಚಿಯ ಜಗಳ ನಿಲ್ಲಿಸಲಿಲ್ಲ. 1568ರಲ್ಲಿ ಕೊಚ್ಚಿಯಲ್ಲಿ ಪರದೇಶಿ ಸಿನಗಾಗ್ ಎದ್ದಿತು. ಬಿಡುಗಡೆಯಾದ ದಾಸರ ಸಂತತಿ ಅನ್ನಿಸಿಕೊಂಡವರಿಗೆ ಅದರೊಳಗೆ ಸಮಾನ ಜಾಗ ಇರಲಿಲ್ಲ. ಆ ಗುಂಪಿನಲ್ಲೇ ಹುಟ್ಟಿದ ವಕೀಲ ಅಬ್ರಹಾಂ ಬರಾಕ್ ಸಾಲೆಂ 20ನೇ ಶತಮಾನದಲ್ಲಿ ಗಾಂಧೀಜಿಯ ದಾರಿ ಹಿಡಿದರು. ಸಿನಗಾಗ್‌ನಲ್ಲೇ ಸತ್ಯಾಗ್ರಹ ಮಾಡಿದರು. ಜನ ಅವರನ್ನು ‘ಯಹೂದಿ ಗಾಂಧಿ’ ಅಂದರು. ಕೈರೋದಿಂದ 16ನೇ ಶತಮಾನದಲ್ಲಿ ಬಂದ ಮಾತಿಗಾಗಿ 20ನೇ ಶತಮಾನದಲ್ಲೂ ಹೋರಾಡಬೇಕಾಯಿತು.

ಅದೇ ರದ್ಬಾಜ್ ಅವರ ಇನ್ನೊಂದು ಉತ್ತರ ಬೇರೆ ದಾರಿ ಹಿಡಿಯಿತು. ಇಥಿಯೋಪಿಯಾದ ಯಹೂದಿಗಳು ಹಳೆಯ ಇಸ್ರೇಲಿನ ಹನ್ನೆರಡು ಕುಲಗಳಲ್ಲಿ ಒಂದಾದ ದಾನ್ ಕುಲದವರು ಅಂತ ಅವರು ಬರೆದಿದ್ದರು. 1973ರಲ್ಲಿ ಇಸ್ರೇಲಿನ ಮುಖ್ಯ ರಬ್ಬಿ ಓವಾದಿಯಾ ಯೋಸೆಫ್ ಅದನ್ನೇ ಆಧಾರವಾಗಿಟ್ಟುಕೊಂಡು ಅವರೆಲ್ಲ ಯಹೂದಿಗಳೇ ಅಂತ ತೀರ್ಪು ಕೊಟ್ಟರು. 1975ರಲ್ಲಿ ಸರ್ಕಾರವೂ ಒಪ್ಪಿತು. ಆಮೇಲೆ ಸಾವಿರಾರು ಜನ ವಿಮಾನ ಹತ್ತಿದರು. ನಮ್ಮ ಕೊಂಕಣ ಕರಾವಳಿಯ ಬೆನೆ ಇಸ್ರೇಲ್ ಜನರಿಗೂ ಇಸ್ರೇಲಿನಲ್ಲಿ ಇದೇ ಪ್ರಶ್ನೆ ಎದುರಾಗಿತ್ತು. ಅವರ ಮದುವೆ ನೋಂದಾಯಿಸಲು ರಬ್ಬಿಗಳು ತಕರಾರು ತೆಗೆದರು. ಜನ ಬೀದಿಗಿಳಿದು ಪ್ರತಿಭಟಿಸಿದ ಮೇಲೆ 1964ರಲ್ಲಿ ಅವರು ಎಲ್ಲ ರೀತಿಯಲ್ಲೂ ಯಹೂದಿಗಳೇ ಎಂಬ ಘೋಷಣೆ ಬಂತು.

ಹಾಗಾಗಿ ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಪ್ರತಿ ಪತ್ರಕ್ಕೂ ಕೊನೆಯಲ್ಲಿ ಅರ್ಧ ಪುಟ ಖಾಲಿ ಬಿಡಿ. ಮುಂದೆ ಯಾವತ್ತೋ ಓದುವಾಗ ಆ ಪತ್ರ ಇನ್ನೆಲ್ಲೋ ಕೆಲಸಕ್ಕೆ ಬಂದದ್ದು ಕಾಣುತ್ತದೆ. ಆಗ ಬರೆದುಕೊಳ್ಳಿ.

ಶುರು ಮಾಡಲು ಎರಡು ಪತ್ರ

ಮೊದಲನೆಯದನ್ನು ಗಟ್ಟಿ ಮನಸ್ಸು ಮಾಡಿಕೊಂಡು ಓದಬೇಕು. ಎರಡನೇ ಮಹಾಯುದ್ಧದಲ್ಲಿ ಲಿಥುವೇನಿಯಾದ ಕೊವ್ನೋ ಗೆಟ್ಟೋದಲ್ಲಿ ನಾಜಿಗಳು ಕೂಡಿಹಾಕಿದ ಜನ ರಬ್ಬಿ ಎಫ್ರಾಯಿಂ ಓಶ್ರಿ ಅವರ ಹತ್ತಿರ ಬಂದು ಪ್ರಶ್ನೆ ಕೇಳುತ್ತಿದ್ದರು. ಸಾವಿನ ಬಾಗಿಲಲ್ಲಿ ನಿಂತು ಧರ್ಮದ ಪ್ರಶ್ನೆ ಕೇಳುತ್ತಿದ್ದರು. ಅವರು ಪ್ರಶ್ನೆಗಳನ್ನು ಸಿಮೆಂಟ್ ಚೀಲದಿಂದ ಹರಿದ ಕಾಗದದ ಮೇಲೆ ಬರೆದು, ಡಬ್ಬಿಗಳಲ್ಲಿ ಹಾಕಿ ಹೂತಿಟ್ಟರು. ಯುದ್ಧ ಮುಗಿದ ಮೇಲೆ ಅಗೆದು ತೆಗೆದು ಉತ್ತರಗಳ ಜೊತೆ ಪ್ರಕಟಿಸಿದರು. ಇಂಗ್ಲಿಷ್ ಅನುವಾದ ಸಿಗುತ್ತದೆ. ದಿನಕ್ಕೆ ಒಂದೇ ಪ್ರಶ್ನೆ ಓದಿ.

ಎರಡನೆಯದು ಮೈಮೊನಿಡೀಸ್ ಅವರು ಓವಾದ್ಯಾ ಎಂಬಾತನಿಗೆ ಬರೆದದ್ದು. ಚಿಕ್ಕದು, ಅನುವಾದ ಸುಲಭವಾಗಿ ಸಿಗುತ್ತದೆ, ಮೇಲಿನ ಹೆಜ್ಜೆಗಳನ್ನೆಲ್ಲ ಒಂದು ಸಂಜೆಯಲ್ಲಿ ಅದರ ಮೇಲೆ ಪ್ರಯೋಗ ಮಾಡಬಹುದು. ಓವಾದ್ಯಾ ಬೇರೆ ಧರ್ಮದಿಂದ ಯಹೂದಿ ಧರ್ಮಕ್ಕೆ ಬಂದವನು. ಅವನ ಪ್ರಶ್ನೆ: ಪ್ರಾರ್ಥನೆಯಲ್ಲಿ ‘ನಮ್ಮ ಪಿತೃಗಳ ದೇವರೇ’ ಅಂತ ಬರುತ್ತದೆ, ನನ್ನ ಪಿತೃಗಳು ಯಹೂದಿಗಳಲ್ಲ, ನಾನು ಅದನ್ನು ಹೇಳಬಹುದಾ? ಮೈಮೊನಿಡೀಸ್ ಬರೆದರು: ಎಲ್ಲವನ್ನೂ ಇದ್ದ ಹಾಗೇ ಹೇಳು, ಒಂದು ಪದವನ್ನೂ ಬದಲಾಯಿಸಬೇಡ. ಅಬ್ರಹಾಮನ ದಾರಿಗೆ ಬಂದವರೆಲ್ಲ ಅಬ್ರಹಾಮನ ಮಕ್ಕಳೇ.